ಸಂಬಳದ ಚೀಟಿಯಲ್ಲಿ ಕಾಣುವ ಸಚಿವಾಲಯ

2016ರ ಏಪ್ರಿಲ್ 18 ಮತ್ತು 19. ಬೆಂಗಳೂರಿನ ಹೊಸೂರು ರಸ್ತೆಯಲ್ಲೂ ಪೀಣ್ಯದ ಸುತ್ತಮುತ್ತಲೂ ಸಾವಿರಾರು ಹೆಣ್ಣುಮಕ್ಕಳು ಹೊಲಿಗೆ ಯಂತ್ರ ಬಿಟ್ಟು ಬೀದಿಗಿಳಿದರು. ಅವರೆಲ್ಲ ಸಿದ್ಧ ಉಡುಪು ಕಾರ್ಖಾನೆಗಳ ಕೆಲಸಗಾರರು. ಸಂಚಾರ ನಿಂತಿತು, ಬಸ್ಸುಗಳಿಗೆ ಬೆಂಕಿ ಬಿತ್ತು, ಪೊಲೀಸರು ಲಾಠಿ ಬೀಸಿದರು. ಸಂಬಳ ಹೆಚ್ಚಿಸಿ ಎಂದು ಅವರು ಕೇಳುತ್ತಿರಲಿಲ್ಲ. ಅವರನ್ನು ಕೆರಳಿಸಿದ್ದು ಆ ವರ್ಷದ ಫೆಬ್ರುವರಿಯಲ್ಲಿ ದೆಹಲಿಯಿಂದ ಹೊರಟ ಒಂದು ಅಧಿಸೂಚನೆ. ಕೆಲಸ ಬಿಟ್ಟವರು ಭವಿಷ್ಯ ನಿಧಿಯಿಂದ ತಮ್ಮ ಪಾಲನ್ನೂ ಅದರ ಬಡ್ಡಿಯನ್ನೂ ಮಾತ್ರ ತೆಗೆಯಬಹುದು, ಮಾಲೀಕರು ಕಟ್ಟಿದ ಪಾಲು ಸಿಗುವುದು 58 ವರ್ಷ ತುಂಬಿದ ಮೇಲೆಯೇ ಎಂದು ಅದು ಹೇಳಿತ್ತು. ಏಪ್ರಿಲ್ 19ರಂದೇ ಆಗಿನ ಕೇಂದ್ರ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಅಧಿಸೂಚನೆಯನ್ನು ಹಿಂತೆಗೆದುಕೊಂಡಿರುವುದಾಗಿ ಪ್ರಕಟಿಸಿದರು.

ಶಾಲೆಯ ಪೌರನೀತಿ ಪಾಠದಲ್ಲಿ ರಕ್ಷಣೆ, ಹಣಕಾಸು, ಗೃಹ ಖಾತೆಗಳ ಹೆಸರು ಎಲ್ಲ ಮಕ್ಕಳಿಗೂ ಬಾಯಿಪಾಠ. ಕಾರ್ಮಿಕ ಮತ್ತು ಉದ್ಯೋಗ ಸಚಿವಾಲಯದ ಹೆಸರು ಪಟ್ಟಿಯ ಕೊನೆಯಲ್ಲೆಲ್ಲೋ ಇರುತ್ತದೆ. ಆದರೆ ಓದು ಮುಗಿಸಿ ಕೆಲಸಕ್ಕೆ ಸೇರಿದ ಮೊದಲ ತಿಂಗಳೇ ಎದುರಾಗುವುದು ಅದೇ ಸಚಿವಾಲಯ. ಸಂಬಳದ ಚೀಟಿಯಲ್ಲಿ 'ಪಿಎಫ್', 'ಇಎಸ್‌ಐ' ಎಂದು ಎರಡು ಕಡಿತಗಳಿರುತ್ತವೆ. 'ಹೇಳಿದ್ದು ಒಂದು, ಕೈಗೆ ಬಂದದ್ದು ಇನ್ನೊಂದು' ಎಂದು ಮನೆಯಲ್ಲಿ ಗೊಣಗಾಟ ಶುರುವಾಗುವುದು ಅಲ್ಲಿಂದಲೇ.

ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಕಾರ್ಮಿಕ ವಿಷಯ ಸಮವರ್ತಿ ಪಟ್ಟಿಯಲ್ಲಿದೆ. ಎಂದರೆ ಕೇಂದ್ರವೂ ರಾಜ್ಯವೂ ಅದರ ಬಗ್ಗೆ ಕಾನೂನು ಮಾಡಬಹುದು. ಆಡಳಿತದಲ್ಲೂ ಕೆಲಸ ಹಂಚಿಹೋಗಿದೆ. ರೈಲ್ವೆ, ಬ್ಯಾಂಕು, ಗಣಿ, ದೊಡ್ಡ ಬಂದರುಗಳಲ್ಲಿ ವಿವಾದ ಎದ್ದರೆ ಕೇಂದ್ರದ ಮುಖ್ಯ ಕಾರ್ಮಿಕ ಆಯುಕ್ತರ ವ್ಯವಸ್ಥೆ ನೋಡಿಕೊಳ್ಳುತ್ತದೆ. ಖಾಸಗಿ ಕಾರ್ಖಾನೆ, ಅಂಗಡಿ, ಹೋಟೆಲುಗಳ ಕನಿಷ್ಠ ವೇತನದ ದೂರು ಹೋಗುವುದು ರಾಜ್ಯದ ಕಾರ್ಮಿಕ ಇಲಾಖೆಗೆ. ಭವಿಷ್ಯ ನಿಧಿ ಮತ್ತು ಇಎಸ್‌ಐ ಮಾತ್ರ ದೇಶಕ್ಕೆಲ್ಲ ಒಂದೇ. ಅವುಗಳನ್ನು ನಡೆಸುವ ಎರಡು ಸಂಸ್ಥೆಗಳೂ ಕೇಂದ್ರ ಸಚಿವಾಲಯದ ಅಡಿಯಲ್ಲಿವೆ.

ಈ ವ್ಯವಸ್ಥೆಯ ಬೇರು ಸ್ವಾತಂತ್ರ್ಯಕ್ಕಿಂತ ಹಿಂದಿನದು. 1942ರಿಂದ 1946ರವರೆಗೆ ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ಹೊತ್ತಿದ್ದವರು ಡಾ. ಬಿ.ಆರ್. ಅಂಬೇಡ್ಕರ್. ಕಾರ್ಮಿಕರಿಗೆ ಆರೋಗ್ಯ ವಿಮೆ ಹೇಗಿರಬೇಕು ಎಂದು ಪ್ರೊ. ಬಿ.ಪಿ. ಅಡಾರ್ಕರ್ ವರದಿ ಕೊಟ್ಟದ್ದು 1944ರಲ್ಲಿ, ಆ ಅವಧಿಯಲ್ಲೇ. ಅದರ ಫಲವಾಗಿ 1948ರಲ್ಲಿ ಇಎಸ್‌ಐ ಕಾಯಿದೆ ಬಂತು. 1952ರ ಫೆಬ್ರುವರಿ 24ರಂದು ಕಾನ್ಪುರದಲ್ಲಿ ಜವಾಹರಲಾಲ್ ನೆಹರೂ ಯೋಜನೆಯನ್ನು ಉದ್ಘಾಟಿಸಿದರು. ಭವಿಷ್ಯ ನಿಧಿ 1951ರ ನವೆಂಬರ್‌ನಲ್ಲಿ ಸುಗ್ರೀವಾಜ್ಞೆಯಾಗಿ ಬಂದು, 1952ರಲ್ಲಿ ಕಾಯಿದೆಯಾಯಿತು.

ಚೀಟಿಯ ಲೆಕ್ಕವನ್ನು ಒಮ್ಮೆ ನೋಡೋಣ. ಸುಲಭವಾಗಲೆಂದು ಸಂಬಳ 10,000 ರೂಪಾಯಿ ಎಂದಿಟ್ಟುಕೊಳ್ಳಬಹುದು. ಸಾಮಾನ್ಯ ದರದಂತೆ ಕೆಲಸಗಾರನ ಪಾಲು ಶೇಕಡಾ 12, ಅಂದರೆ 1,200 ರೂಪಾಯಿ. ಮಾಲೀಕ ತನ್ನ ಕಡೆಯಿಂದ ಅಷ್ಟೇ ಹಣ ಸೇರಿಸಬೇಕು. ಮಾಲೀಕನ ಪಾಲಿನಲ್ಲಿ 833 ರೂಪಾಯಿ ಪಿಂಚಣಿ ಯೋಜನೆಗೆ ಹೋಗುತ್ತದೆ, ಉಳಿದ 367 ರೂಪಾಯಿ ಭವಿಷ್ಯ ನಿಧಿಗೆ ಸೇರುತ್ತದೆ. ಇಎಸ್‌ಐಗೆ 2019ರ ಜುಲೈನಿಂದ ಇರುವ ದರದಲ್ಲಿ ಕೆಲಸಗಾರ 75 ರೂಪಾಯಿ, ಮಾಲೀಕ 325 ರೂಪಾಯಿ ಕಟ್ಟುತ್ತಾರೆ. ಕೆಲಸಗಾರನ ಕೈಯಿಂದ ಹೋಗುವುದು 1,275. ಅವನ ಹೆಸರಿನಲ್ಲಿ ಜಮೆಯಾಗುವುದು 2,800. 'ಸಂಬಳ ಕಡಿತ' ಎನ್ನುವ ಮಾತಿನಲ್ಲಿ ಈ ಎರಡನೆಯ ಅರ್ಧ ಮರೆಯಾಗಿಬಿಡುತ್ತದೆ.

ಆ 75 ರೂಪಾಯಿಗೆ ಸಿಗುವುದೇನು? ಕೆಲಸಗಾರನಿಗೂ ಅವನನ್ನು ನಂಬಿದ ಕುಟುಂಬಕ್ಕೂ ಇಎಸ್‌ಐ ಆಸ್ಪತ್ರೆಯಲ್ಲಿ ಚಿಕಿತ್ಸೆ. ಕಾಯಿಲೆಯಿಂದ ರಜೆ ಹಾಕಬೇಕಾದರೆ, ನಿಗದಿತ ದಿನಗಳಷ್ಟು ವಂತಿಗೆ ಕಟ್ಟಿದ್ದರೆ, ವರ್ಷಕ್ಕೆ 91 ದಿನಗಳವರೆಗೆ ಸಂಬಳದ ಶೇಕಡಾ 70. ಹೆರಿಗೆಗೆ 26 ವಾರ. ಕೆಲಸದ ವೇಳೆ ಅಪಘಾತವಾಗಿ ಜೀವ ಹೋದರೆ ಅವಲಂಬಿತರಿಗೆ ತಿಂಗಳ ಪಿಂಚಣಿ. ವಿದ್ಯಾರ್ಥಿಗಳಿಗೆ ನೇರವಾಗಿ ಸಂಬಂಧಿಸಿದ ಸಂಗತಿಯೊಂದಿದೆ. ಬೆಂಗಳೂರಿನ ರಾಜಾಜಿನಗರ ಮತ್ತು ಕಲಬುರಗಿಯಲ್ಲಿ ಇಎಸ್‌ಐ ನಿಗಮದ ವೈದ್ಯಕೀಯ ಕಾಲೇಜುಗಳಿವೆ. ದೇಶದ ಇಎಸ್‌ಐ ಕಾಲೇಜುಗಳ ಎಂಬಿಬಿಎಸ್ ಸೀಟುಗಳಲ್ಲಿ ಒಂದು ಭಾಗ, 'ನೀಟ್' ಬರೆದ ವಿಮಾದಾರ ಕಾರ್ಮಿಕರ ಮಕ್ಕಳಿಗೆಂದೇ ಮೀಸಲು. ಬೀಡಿ ಕಾರ್ಮಿಕರ ಮಕ್ಕಳಿಗೆ ಇದೇ ಸಚಿವಾಲಯದಿಂದ ವಿದ್ಯಾರ್ಥಿವೇತನವೂ ಇದೆ. ಗೊತ್ತಿಲ್ಲದೆ ಅರ್ಜಿಯನ್ನೇ ಹಾಕದವರಿಗೆ ಇವು ಇದ್ದೂ ಇಲ್ಲದಂತೆ.

2016ರ ಜಗಳದಲ್ಲಿ ಸರಕಾರದ ವಾದಕ್ಕೂ ಒಂದು ನೆಲೆಯಿತ್ತು. ಭವಿಷ್ಯ ನಿಧಿ ಇರುವುದು ಮುಪ್ಪಿನ ಕಾಲಕ್ಕೆ. ನಡುವೆಯೇ ಹಣ ಖಾಲಿಯಾದರೆ ಅರವತ್ತರಲ್ಲಿ ಕೈ ಬರಿದು. ಆದರೆ ಹೊಲಿಗೆ ಯಂತ್ರದ ಮುಂದೆ ದಿನವಿಡೀ ಕೂರುವ ಹೆಣ್ಣುಮಗಳು ಐವತ್ತೆಂಟರವರೆಗೆ ಅದೇ ಕೆಲಸದಲ್ಲಿ ಇರುವುದು ಅಪರೂಪ. ಕಣ್ಣು, ಸೊಂಟ ಸೋತು ನಲವತ್ತರ ಆಚೀಚೆಯೇ ಮನೆ ಸೇರುವವರು ಬಹಳ. ಮಗನ ಕಾಲೇಜು ಶುಲ್ಕ, ಮಗಳ ಮದುವೆ, ಊರಿನ ಸಾಲ ಎದುರಾಗುವುದು ಆಗಲೇ. ಆ ಕುಟುಂಬಕ್ಕೆ ಇರುವ ಒಂದೇ ದೊಡ್ಡ ಮೊತ್ತ ಅದು. ನಿಯಮ ಬರೆದವರಿಗೆ ಮುಪ್ಪು ಕಂಡಿತು, ಮುಪ್ಪಿಗೆ ಮುಂಚಿನ ಇಪ್ಪತ್ತು ವರ್ಷ ಕಾಣಲಿಲ್ಲ. ಇಂಥ ಎರಡು ನ್ಯಾಯಗಳ ನಡುವೆ ದಾರಿ ಹುಡುಕುವುದೇ ಈ ಸಚಿವಾಲಯದ ನಿಜವಾದ ಕೆಲಸ. ಆ ಕೆಲಸಕ್ಕೆ ಕೂರುವ ಮುನ್ನ ಕಾರ್ಮಿಕರನ್ನು ಕೇಳಬೇಕು ಎಂಬುದು ಆ ಎರಡು ದಿನಗಳ ಪಾಠ.

ಸಚಿವಾಲಯದ ಕೈ ಎಲ್ಲರನ್ನೂ ಮುಟ್ಟಿಲ್ಲ ಎನ್ನುವುದನ್ನೂ ಹೇಳಬೇಕು. ಕೂಲಿ, ಮನೆಗೆಲಸ, ಕಟ್ಟಡ ಕೆಲಸ, ಬೀದಿ ವ್ಯಾಪಾರ ಮಾಡುವ ಬಹುಪಾಲು ಜನರಿಗೆ ಸಂಬಳದ ಚೀಟಿಯೇ ಇಲ್ಲ. ಅವರನ್ನು ಲೆಕ್ಕಕ್ಕೆ ತರಲು 2021ರ ಆಗಸ್ಟ್‌ನಲ್ಲಿ ಆರಂಭವಾದ 'ಇ-ಶ್ರಮ್' ನೋಂದಣಿಯಲ್ಲಿ 30 ಕೋಟಿಗೂ ಹೆಚ್ಚು ಹೆಸರುಗಳು ಸೇರಿವೆ. 29 ಹಳೆಯ ಕೇಂದ್ರ ಕಾಯಿದೆಗಳನ್ನು ಒಗ್ಗೂಡಿಸಿದ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದವು. ಮೊಬೈಲ್ ಆಪ್‌ಗಳ ಮೂಲಕ ಊಟ, ಸಾಮಾನು ತಲುಪಿಸುವ ಹುಡುಗರನ್ನು 'ಗಿಗ್' ಕಾರ್ಮಿಕರೆಂದು ಕೇಂದ್ರದ ಕಾನೂನು ಗುರುತಿಸಿದ್ದು ಈ ಸಂಹಿತೆಯಲ್ಲೇ ಮೊದಲು. ಕೆಲಸಕ್ಕೆ ಸೇರಿದವರಿಗೆ ನೇಮಕಾತಿ ಪತ್ರ ಕೊಡುವುದನ್ನೂ ಸಂಹಿತೆ ಕಡ್ಡಾಯ ಮಾಡಿದೆ. ಇದರಿಂದ ಕಾರ್ಮಿಕ ಸಂಘಟನೆಗಳೆಲ್ಲ ಸಂತೋಷಗೊಂಡಿವೆ ಎನ್ನುವಂತಿಲ್ಲ. ಕೆಲಸದಿಂದ ತೆಗೆಯುವುದು ಸುಲಭವಾಯಿತು, ಮುಷ್ಕರ ಹೂಡುವುದು ಕಷ್ಟವಾಯಿತು ಎಂಬ ಆಕ್ಷೇಪ ಇದೆ.

ಹಾಗಾದರೆ ಕೆಲಸಕ್ಕೆ ಹೊರಟ ಮಗ ಅಥವಾ ಮಗಳ ಬಗ್ಗೆ ಪೋಷಕರು ಏನು ಗಮನಿಸಬೇಕು? 'ಸಂಬಳ ಎಷ್ಟು' ಎಂಬ ಪ್ರಶ್ನೆಯ ಜೊತೆಗೆ ಇನ್ನು ಕೆಲವು ಪ್ರಶ್ನೆಗಳನ್ನೂ ಕೇಳುವುದು ಒಳ್ಳೆಯದು. ನೇಮಕಾತಿ ಪತ್ರ ಕೈಗೆ ಬಂತೇ? 12 ಅಂಕಿಗಳ ಭವಿಷ್ಯ ನಿಧಿ ಸಂಖ್ಯೆ, ಅಂದರೆ 'ಯುಎಎನ್', ಸಿಕ್ಕಿತೇ? ಅದರಲ್ಲಿ ಹೆಸರು, ಹುಟ್ಟಿದ ದಿನಾಂಕ ಅಂಕಪಟ್ಟಿಯಲ್ಲಿರುವಂತೆಯೇ ಇವೆಯೇ? ಒಂದು ಅಕ್ಷರ ತಪ್ಪಿದರೂ ಮುಂದೆ ಹಣ ಪಡೆಯುವಾಗ ಕಚೇರಿ ಅಲೆದಾಟ ತಪ್ಪುವುದಿಲ್ಲ. ನಾಮಿನಿ ಹೆಸರು ತುಂಬಿದ್ದಾಯಿತೇ? ಸಂಬಳದಲ್ಲಿ ಕಡಿದ ಹಣ ಖಾತೆಗೆ ನಿಜವಾಗಿ ಜಮೆಯಾಗಿದೆಯೇ? ಕಡಿದುಕೊಂಡು ಕಟ್ಟದಿರುವ ಮಾಲೀಕರು ಇಲ್ಲದಿಲ್ಲ. ಅದು ಅಪರಾಧ, ಭವಿಷ್ಯ ನಿಧಿ ಕಚೇರಿಗೆ ದೂರು ಕೊಡಬಹುದು.

ಇನ್ನೊಂದು ಮಾತು. ಕೆಲಸ ಬದಲಿಸಿದಾಗಲೆಲ್ಲ ಹಣ ತೆಗೆದುಬಿಡುವ ಅಭ್ಯಾಸ ಹುಡುಗರಲ್ಲಿದೆ. ತಿಂಗಳ ಪಿಂಚಣಿಗೆ ಕನಿಷ್ಠ 10 ವರ್ಷದ ಸೇವೆ ಬೇಕು. ಪಿಂಚಣಿ ಹಣವನ್ನೂ ತೆಗೆದರೆ ಅಲ್ಲಿಯವರೆಗಿನ ಸೇವೆಯ ಲೆಕ್ಕ ಅಳಿಸಿಹೋಗುತ್ತದೆ. ಹಳೆಯ ಖಾತೆಯನ್ನು ಹೊಸ ಕೆಲಸಕ್ಕೆ ವರ್ಗಾಯಿಸಿಕೊಂಡರೆ ಆ ವರ್ಷಗಳು ಉಳಿಯುತ್ತವೆ. ನಾಲ್ಕು ಕಡೆ ಎರಡೆರಡು, ಮೂರು ಮೂರು ವರ್ಷ ದುಡಿದವನಿಗೂ ಹೀಗೆ ಕೂಡಿಸಿಕೊಂಡ ಲೆಕ್ಕದಲ್ಲಿ ಹತ್ತು ವರ್ಷ ತುಂಬಬಹುದು.