ಹೊಲದ ಕಲ್ಲುಕಟ್ಟಿಗೆ ದಿಕ್ಕಾರು?

ದೇವಾಲಯವನ್ನು, ಕೋಟೆಯನ್ನು ಕಾಪಾಡಬೇಕೆಂಬುದು ಯುಕ್ತವೇ. ಹೊಲದ ಸುತ್ತಣ ಕಲ್ಲುಗುಪ್ಪೆಯನ್ನೂ ಪುರಾತನ ಸ್ಮಾರಕವೆಂದರೆ ಒಕ್ಕಲಿಗನು ನೇಗಿಲನ್ನು ಎಲ್ಲಿ ಹೂಡಬೇಕು?—ಎಂದು ಸ್ನೇಹಿತರೊಬ್ಬರು ಈಚೆಗೆ ನನ್ನನ್ನು ಕೇಳಿದರು. ಪ್ರಶ್ನೆಯು ಚಮತ್ಕಾರವಾಗಿದೆ, ವಿಚಾರಕ್ಕೆ ನಿಲ್ಲುವುದಿಲ್ಲ.

ರಾಯಲ್ಪಾಡಿನದು ಗುಡ್ಡದ ಸೀಮೆ. ಇಲ್ಲಿ ಮೊದಲು ಹೊಲಮಾಡಿದವನು ಕಲ್ಲನ್ನು ಆಯ್ದು ಅಂಚಿಗೆ ಹಾಕಿದ ಮೇಲಲ್ಲವೆ ಮಣ್ಣನ್ನು ಕಂಡದ್ದು? ಗಾರೆಯಿಲ್ಲದೆ ಕಲ್ಲಿಗೆ ಕಲ್ಲನ್ನು ಕಚ್ಚಿಸಿ ಕಟ್ಟಿದ ಆ ಗೋಡೆಯು ದನವನ್ನು ತಡೆಯಿತು, ಇಳಿಜಾರಿನ ನೀರನ್ನು ಸೋಸಿಬಿಟ್ಟು ಮಣ್ಣನ್ನು ಹಿಡಿಯಿತು, ಎಲ್ಲೆಯನ್ನೂ ಹೇಳಿತು. (ತೆಲುಗು ಮನೆಮಾತಿನವರು ಬದುವನ್ನು ಗಟ್ಟು ಎನ್ನುವರು, ಗಡಿನಾಡಾದ ನಮ್ಮಲ್ಲಿ ಎರಡು ಮಾತಿಗೂ ಕಲ್ಲು ಒಂದೇ.)

ಎಲ್ಲೆಯ ವಿಷಯದಲ್ಲಿ ಪೂರ್ವಿಕರು ಉದಾಸೀನರಾಗಿರಲಿಲ್ಲ. ಮನುಸ್ಮೃತಿಯ 8ನೆಯ ಅಧ್ಯಾಯದಲ್ಲಿ ಸೀಮಾವಿವಾದಕ್ಕೆ ಪ್ರತ್ಯೇಕ ಪ್ರಕರಣವೇ ಇದೆ. ಆಲ, ಅಶ್ವತ್ಥ, ಮುತ್ತುಗಗಳನ್ನು ನೆಡುವುದಲ್ಲದೆ ಕಲ್ಲು, ಹೊಟ್ಟು, ಬೂದಿ, ಇದ್ದಿಲುಗಳನ್ನು ಗುಪ್ತಚಿಹ್ನೆಗಳಾಗಿ ಹೂಳತಕ್ಕದ್ದೆಂದು ವಿಧಿಸಿದೆ. ನಮ್ಮ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸರು 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ 10ನೆಯ ಸಂಪುಟವಾಗಿ ಪ್ರಕಟಿಸಿದರಷ್ಟೆ. ದಾನಶಾಸನಗಳನ್ನು ಓದಿದವರು ಬಲ್ಲರು: ದಾನದ ಮಾತಿಗಿಂತ ಚತುಸ್ಸೀಮೆಯ ವಿವರವೇ ಉದ್ದವಾಗಿರುವುದುಂಟು. ಬಿಟ್ಟ ಭೂಮಿಯ ಎಲ್ಲೆಗೆ ಲಿಂಗಮುದ್ರೆಯ ಕಲ್ಲನ್ನೋ ವಾಮನಮುದ್ರೆಯ ಕಲ್ಲನ್ನೋ ನೆಡುತ್ತಿದ್ದರು. ಅಂಥ ಕಲ್ಲನ್ನು ವಸ್ತುಸಂಗ್ರಹಾಲಯಕ್ಕೆ ಸಾಗಿಸಿ, ರಕ್ಷಿಸಿದೆವೆಂದು ಹಿಗ್ಗುವುದು ಭ್ರಾಂತಿ. ಎಲ್ಲೆಯಿಂದ ಕಿತ್ತ ಎಲ್ಲೆಕಲ್ಲು ಏನನ್ನು ಹೇಳೀತು?

1958ರ ಕೇಂದ್ರ ಕಾಯಿದೆಯು ನೂರು ವರ್ಷಕ್ಕೆ ಕಡಮೆಯಿಲ್ಲದ, ಚರಿತ್ರೆಗೆ ಬೇಕಾದ ಕಟ್ಟಡ, ಶಾಸನ, ಏಕಶಿಲೆಗಳನ್ನು ಸ್ಮಾರಕವೆನ್ನುತ್ತದೆ. ಕಲ್ಲುಕಟ್ಟು ಹೊರಗೆಂದು ಬರೆದಿಲ್ಲ. ಆದರೆ ಆ ಕಾಯಿದೆಯಂತೆ ಘೋಷಿತವಾದ ಸ್ಮಾರಕದ ಸುತ್ತ 100 ಮೀಟರಿನಲ್ಲಿ ಹೊಸ ಕಟ್ಟಡ ಕೂಡದೆಂದು 2010ರ ತಿದ್ದುಪಡಿ. ಹೊಲದವನು ಅಂಜಿದರೆ ಅವನನ್ನು ದೂರಲಾರೆನು. ಹೊಲಕ್ಕೆ ಹಗುರವಾದ ನಿಯಮವೇ ಬೇಕು.

ಅಂಥದು ಇಲ್ಲದಿಲ್ಲ. ಇಂಗ್ಲೆಂಡಿನ 1997ರ ನಿಯಮಗಳು ಹಳೆಯ ಗಿಡಬೇಲಿಯನ್ನು ಕೀಳುವ ಮುನ್ನ ಸ್ಥಳೀಯ ಅಧಿಕಾರಿಗಳಿಗೆ ತಿಳಿಸಬೇಕೆನ್ನುತ್ತವೆಯೇ ಹೊರತು ಉಳಬೇಡವೆನ್ನುವುದಿಲ್ಲ. ಕ್ರೊವೇಷಿಯದ ಸ್ತಾರಿ ಗ್ರಾದ್ ಬಯಲಿನಲ್ಲಿ ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿ ಗ್ರೀಕರು ಕಲ್ಲುಗೋಡೆಗಳಿಂದ ವಿಭಾಗಿಸಿದ ಹೊಲಗಳು 2008ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಅಲ್ಲಿ ದ್ರಾಕ್ಷಿ, ಆಲಿವ್‌ಗಳ ಬೇಸಾಯ ನಿಂತಿಲ್ಲ. ನಾನು ಬೇಡುವುದಿಷ್ಟೆ: ಕಟ್ಟನ್ನು ಒಡೆಯುವ ಒಂದು ತಿಂಗಳು ಮೊದಲು ಗ್ರಾಮ ಪಂಚಾಯಿತಿಗೆ ತಿಳಿಸಲಿ, ಅಳತೆ, ಚಿತ್ರಗಳು ದಾಖಲೆಯಾಗಲಿ, ಮುದ್ರೆಯ ಕಲ್ಲಿದ್ದರೆ ಅದು ಅಲ್ಲಿಯೇ ನಿಲ್ಲಲಿ.

ಪರರಿಗೆ ಹೇಳುವವನು ತನ್ನದನ್ನೂ ಹೇಳಬೇಕು. ಮಾವಿನ ಸಾಲಿಗೆ ಅಡ್ಡವೆಂದು ನಮ್ಮ ಮೇಲಣ ಹೊಲದ ಕಟ್ಟನ್ನು ನಾನೇ ಬಿಚ್ಚಿಸಿ ಕಲ್ಲನ್ನು ಟ್ರಾಕ್ಟರಿನವನಿಗೆ ಮಾರಿದೆನು. ಮರುವರ್ಷದ ಮಳೆಗೆ ಮೇಲುಮಣ್ಣು ಕೆಳಗಿನವರ ಹೊಲಕ್ಕೆ ಇಳಿಯಿತು. ಎಲ್ಲೆ ಯಾವುದೆಂದು ಅವರು ಕೇಳಿದಾಗ ತೋರಿಸಲು ನನ್ನಲ್ಲಿ ಒಂದು ಕಲ್ಲೂ ಉಳಿದಿರಲಿಲ್ಲ.