ಪ್ಯಾಮ್ ಶ್ರೈವರಳ ಮಾತೂ ಮೌನವೂ

ಹೆಣ್ಣುಮಕ್ಕಳು ಆಟಪಾಟಗಳಲ್ಲಿ ಮುಂದೆ ಬರಬೇಕೆಂದು ತಂದೆತಾಯಿಗಳಿಗೆ ಬೋಧಿಸುವ ಆವಶ್ಯಕತೆಯು ಈಗ ಅಷ್ಟಾಗಿ ಇಲ್ಲ. ಆದರೆ ಆಡುವ ಮಗಳು ಮಾತನಾಡಲೂ ಕಲಿಯಬೇಕೆಂಬುದನ್ನು ಮನಸಾರ ಒಪ್ಪುವವರು ಇನ್ನೂ ವಿರಳ. ಈ ವಿಷಯದಲ್ಲಿ ಅಮೆರಿಕ ದೇಶದ ಟೆನಿಸ್ ಆಟಗಾರ್ತಿ ಪ್ಯಾಮ್ ಶ್ರೈವರಳ ಚರಿತ್ರೆಯನ್ನು ವಾಚಕರ ಮುಂದಿಡಬಯಸುತ್ತೇವೆ.

ಬಾಲ್ಟಿಮೋರ್ ನಗರದಲ್ಲಿ 1962ರಲ್ಲಿ ಜನಿಸಿದ ಈಕೆಯು 1978ರಲ್ಲಿ, ತನ್ನ 16ನೆಯ ವಯಸ್ಸಿನಲ್ಲಿಯೇ, ಅಮೆರಿಕದ ಮಹಾಪಂದ್ಯಾವಳಿಯಲ್ಲಿ ಮಾರ್ಟಿನಾ ನವ್ರಾಟಿಲೋವಾಳನ್ನು ಸೋಲಿಸಿ ಅಂತಿಮ ಪಂದ್ಯವನ್ನು ಮುಟ್ಟಿದಳು. ಅಲ್ಲಿ ಕ್ರಿಸ್ ಎವರ್ಟಳಿಗೆ ಸೋತಳು. ಒಬ್ಬಂಟಿಗಳಾಗಿ ಆಡುವ ಆಟದಲ್ಲಿ ಅಂಥ ಅವಕಾಶವು ಆಕೆಗೆ ಮತ್ತೆಂದೂ ಒದಗಲಿಲ್ಲ. ಆದರೆ ತಾನು ಸೋಲಿಸಿದ್ದ ನವ್ರಾಟಿಲೋವಾಳಿಗೇ ಜೊತೆಗಾತಿಯಾಗಿ 20 ಮಹಾಪಂದ್ಯಾವಳಿಗಳನ್ನು ಗೆದ್ದಳು. 1984ರಲ್ಲಿ ಆ ಜೋಡಿಯು ಒಂದೇ ವರ್ಷದೊಳಗೆ ನಾಲ್ಕು ಮಹಾಪಂದ್ಯಾವಳಿಗಳನ್ನೂ ಗೆದ್ದಿತು; 1983ರಿಂದ 1985ರ ವಿಂಬಲ್ಡನ್ ಅಂತಿಮ ಪಂದ್ಯದವರೆಗೆ ಎಡೆಬಿಡದೆ 109 ಪಂದ್ಯಗಳಲ್ಲಿ ಸೋಲನ್ನೇ ಕಾಣಲಿಲ್ಲ.

ಜೋಡಿಯಾಟವನ್ನು ಎರಡನೆಯ ದರ್ಜೆಯದೆಂದು ಎಣಿಸುವದು ಲೋಕರೂಢಿ. ನಮಗೆ ಅದು ಸಮ್ಮತವಲ್ಲ. 27 ಅಡಿ ಅಗಲದ ಅಂಗಳವು ಜೋಡಿಯಾಟಕ್ಕೆ 36 ಅಡಿಯಾಗುವದು. ಆಡುವವರು ಇಬ್ಬರಿಂದ ನಾಲ್ವರಾಗುವರು. ಬಲೆಯ ಬಳಿ ನಿಂತವಳು ಎದುರಾಳಿಗಳಿಗೆ ಕಾಣದಂತೆ ಬೆನ್ನ ಹಿಂದೆ ಕೈಸನ್ನೆ ಮಾಡಿ, ತಾನು ಯಾವ ಕಡೆಗೆ ಸರಿಯುವೆನೆಂಬುದನ್ನು ಜೊತೆಗಾತಿಗೆ ಮೊದಲೇ ತಿಳಿಸಬೇಕು. ಒಂದು ಹೊಡೆತವು ತಪ್ಪಿದೊಡನೆ ಇಬ್ಬರೂ ಹತ್ತಿರ ಬಂದು ಎರಡು ಮಾತನಾಡಬೇಕು; ಆ ಮಾತಿನಲ್ಲಿ ದೂಷಣೆಯಿರಬಾರದು. ಇಂಥ ಅಭ್ಯಾಸದಲ್ಲಿ ಬೆಳೆದವಳಿಗೆ ತನ್ನ ಕೈಯ ಚೆಂಡು ಮಾತ್ರವಲ್ಲ, ಅಂಗಳವೆಲ್ಲವೂ ಕಾಣುವದು.

ಆದುದರಿಂದಲೇ ಶ್ರೈವರಳು ದೂರದರ್ಶನದ ವ್ಯಾಖ್ಯಾನಕಾರ್ತಿಯಾಗಿ ಹೆಸರು ಪಡೆದುದು ನಮಗೆ ಆಶ್ಚರ್ಯವಲ್ಲ. ಇ.ಎಸ್.ಪಿ.ಎನ್., ಬಿ.ಬಿ.ಸಿ. ಮೊದಲಾದ ಸಂಸ್ಥೆಗಳಿಗಾಗಿ ಆಕೆಯು ಪಂದ್ಯಗಳನ್ನು ವಿವರಿಸಿದ್ದಾಳೆ. ಚೆಂಡು ಆಡುತ್ತಿರುವಾಗ ಸುಮ್ಮನಿದ್ದು, ಅದು ನಿಂತ ಮೇಲಿನ ಕೆಲವು ಕ್ಷಣಗಳಲ್ಲಿ ಗೆದ್ದವರು ಏಕೆ ಗೆದ್ದರೆಂಬುದನ್ನು ಹೇಳಿ ಮುಗಿಸುವದು ಸುಲಭದ ವಿದ್ಯೆಯಲ್ಲ. (ನಮ್ಮ ಸಭೆಗಳ ಭಾಷಣಕಾರರು ಇದನ್ನು ಸ್ವಲ್ಪವಾದರೂ ಕಲಿತರೆ ಲೇಸು.) 1991ರಿಂದ 1994ರವರೆಗೆ ಆಕೆಯು ಮಹಿಳಾ ಟೆನಿಸ್ ಸಂಘದ ಅಧ್ಯಕ್ಷಿಣಿಯೂ ಆಗಿದ್ದಳು.

ಇಷ್ಟು ವಾಕ್ಚತುರೆಯಾದವಳು ಒಂದು ವಿಷಯದಲ್ಲಿ ಮಾತ್ರ ನಾಲ್ವತ್ತು ವರ್ಷಗಳಿಗೂ ಮೇಲ್ಪಟ್ಟು ಲೋಕದ ಮುಂದೆ ಬಾಯಿ ತೆರೆಯಲಿಲ್ಲ. ತನ್ನ 17ನೆಯ ವಯಸ್ಸಿನಲ್ಲಿ, 50 ವರ್ಷದ ತರಬೇತುಗಾರನೊಡನೆ ಆರಂಭವಾಗಿ ಐದು ವರ್ಷಕ್ಕೂ ಹೆಚ್ಚು ಕಾಲ ನಡೆದ ಸಂಬಂಧವು ಅನುಚಿತವೂ ಹಾನಿಕರವೂ ಆಗಿತ್ತೆಂದು ಆಕೆಯು ಬಹಿರಂಗವಾಗಿ ತಿಳಿಸಿದ್ದು 2022ರಲ್ಲಿ. ಕ್ರೀಡಾಲೋಕದಲ್ಲಿ ಇಂಥದು ವಿರಳವಲ್ಲವೆಂದೂ, ಎಳೆಯ ಆಟಗಾರ್ತಿಯರ ರಕ್ಷಣೆಗೆ ಏರ್ಪಾಡು ಬೇಕೆಂದೂ ಎಚ್ಚರಿಸಿದಳು. ಅನಂತರ ಆ ಸಂಘವು ಈ ರಕ್ಷಣೆಯ ಕಾರ್ಯಕ್ಕೆಂದೇ ನಿರ್ದೇಶಕಿಯೊಬ್ಬಳನ್ನು ನೇಮಿಸಿತು.

ಈ ಪ್ರಸಂಗವನ್ನು ಶಾಲೆಯ ಸ್ಮರಣಸಂಚಿಕೆಯಲ್ಲಿ ಎತ್ತಬಹುದೇ ಎಂದು ಕೆಲವರು ಕೇಳಾರು. ಇಲ್ಲಿ ಎತ್ತದೆ ಮತ್ತೆಲ್ಲಿ ಎತ್ತಬೇಕು? ತಡವಾಗಿ ಏಕೆ ಹೇಳಿದಳೆಂದು ಆಕೆಯನ್ನು ಕೇಳುವದು ಅನ್ಯಾಯವೆಂಬುದು ನಮ್ಮ ಮತ. ಊರೂರಿಗೆ ಕರೆದೊಯ್ಯುವವನೂ, ಆಟವನ್ನು ಕಲಿಸುವವನೂ, ಹೊಗಳುವವನೂ ಗದರಿಸುವವನೂ ಒಬ್ಬನೇ ಆದಾಗ, ಹುಡುಗಿಯು ಅವನ ಮೇಲಿನ ದೂರನ್ನು ಯಾರಲ್ಲಿ ಹೇಳಿಯಾಳು? ಅಂಗಳದೊಳಗೆ ಆಕೆಗೆ ಜೊತೆಗಾತಿಯಿದ್ದಳು. ಈ ಕಷ್ಟದಲ್ಲಿ ಅಂಥ ಜೊತೆಯನ್ನು ಒದಗಿಸುವ ಏರ್ಪಾಡು ಇರಲಿಲ್ಲ.

ತಂದೆತಾಯಿಗಳೇ, ಆಟದ ಗುರುವಿನಲ್ಲಾಗಲಿ, ಸಂಗೀತದ ಗುರುವಿನಲ್ಲಾಗಲಿ, ಮನೆಪಾಠದವರಲ್ಲಾಗಲಿ ಮಗಳನ್ನು ಒಪ್ಪಿಸುವಾಗ ಆ ಗುರುವಿನ ಅಂಕೆಗೆ ಒಳಪಡದ ಇನ್ನೊಬ್ಬ ಹಿರಿಯಳನ್ನೂ ಆಕೆಗೆ ತೋರಿಸಿಕೊಡಿರಿ. ಎದುರು ಮಾತಾಡಬೇಡವೆಂಬ ಒಂದೇ ಪಾಠವನ್ನು ದಿನವೂ ಕೇಳಿ ಬೆಳೆದವಳು ಆಡಬೇಕಾದ ಮಾತನ್ನೂ ನುಂಗುವಳು. ಪೂರ್ವ ವಿದ್ಯಾರ್ಥಿನಿಯರಾದ ಸಹೋದರಿಯರಲ್ಲಿ ಅನೇಕರು ಈಗ ಉಪಾಧ್ಯಾಯಿನಿಯರಾಗಿದ್ದೀರಿ. ಆಟದ ತಂಡವು ಪರಸ್ಥಳಕ್ಕೆ ಹೊರಡುವಾಗ ನಿಮ್ಮಲ್ಲೊಬ್ಬರು ಜೊತೆಗೆ ಹೋಗಿರಿ. ಹಿಂದಿರುಗಿದ ಮೇಲೆ ಗೆದ್ದಿರೋ ಸೋತಿರೋ ಎಂದು ಕೇಳುವುದಕ್ಕೆ ಮೊದಲು, ಅಲ್ಲಿ ನಿಮ್ಮನ್ನು ಹೇಗೆ ನಡೆಸಿಕೊಂಡರೆಂದು ಕೇಳಿರಿ.