ಖಲೀಫರ ಚರಿತ್ರೆಯೂ ಅಂತೆ ಕಂತೆಗಳ ಸಂತೆಯೂ

ಇಸ್ಲಾಮಿಕ್ ಖಿಲಾಫತ್ ಎಂದರೆ ನಮ್ಮ ವಯಸ್ಸಿನ ಹೆಚ್ಚಿನವರಿಗೆ ಗೊತ್ತಿರುವುದು ಎರಡೇ ಕಥೆ. ಒಂದು, ಖಲೀಫ ಉಮರ್ ಅಪ್ಪಣೆ ಕೊಟ್ಟು ಅಲೆಕ್ಸಾಂಡ್ರಿಯಾದ ಮಹಾ ಗ್ರಂಥಾಲಯವನ್ನು ಸುಡಿಸಿದರಂತೆ, ಆ ಪುಸ್ತಕಗಳ ಬೆಂಕಿಯಲ್ಲಿ ಊರಿನ ಸ್ನಾನದ ಮನೆಗಳ ನೀರು ಆರು ತಿಂಗಳು ಕಾಯ್ದಿತಂತೆ. ಇನ್ನೊಂದು, ಬಾಗ್ದಾದಿನಲ್ಲಿ ಖಲೀಫರು ಕಟ್ಟಿಸಿದ 'ಜ್ಞಾನಮಂದಿರ'ವೇ ಜಗತ್ತಿನ ಮಹಾ ವಿಶ್ವವಿದ್ಯಾಲಯವಾಗಿತ್ತಂತೆ, ಇಂದಿನ ವಿಜ್ಞಾನವೆಲ್ಲ ಅಲ್ಲಿಂದಲೇ ಬಂತಂತೆ. ಮೊದಲನೆಯದು ಒಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಓಡಾಡುತ್ತದೆ, ಎರಡನೆಯದು ಇನ್ನೊಂದರಲ್ಲಿ. ಎರಡೂ ಗುಂಪಿನವರು ಒಂದೇ ಹಾಸ್ಟೆಲಿನ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾರೆ.

ಈ ಎರಡೂ 'ಅಂತೆ'ಗಳನ್ನು ಒಂದೇ ಒರೆಗಲ್ಲಿಗೆ ಹಚ್ಚಬೇಕು ಎಂಬುದು ನನ್ನ ವಾದ. ನಮಗೆ ಹಿಡಿಸಿದ ಕಥೆಗೆ ಒಂದು ತಕ್ಕಡಿ, ಹಿಡಿಸದ ಕಥೆಗೆ ಇನ್ನೊಂದು ಎಂದಾದರೆ ನಾವು ಓದುತ್ತಿರುವುದು ಚರಿತ್ರೆಯಲ್ಲ.

ಮೊದಲು ಒಂದು ಸರಳ ಸಂಗತಿ. ಖಿಲಾಫತ್ ಎಂಬುದು ಒಂದೇ ರಾಜ್ಯವಲ್ಲ. ಪ್ರವಾದಿ ಮುಹಮ್ಮದರು ತೀರಿಕೊಂಡ 632ರಲ್ಲಿ ಶುರುವಾದ ಆ ಪದವಿಯನ್ನು ಟರ್ಕಿಯ ಸಂಸತ್ತು ರದ್ದು ಮಾಡಿದ್ದು 1924ರ ಮಾರ್ಚ್ 3ರಂದು. ಈ ನಡುವೆ ಮೊದಲ ನಾಲ್ವರು ಖಲೀಫರು, 661ರಿಂದ 750ರವರೆಗೆ ಡಮಾಸ್ಕಸ್‌ನ ಉಮಯ್ಯದರು, 1258ರಲ್ಲಿ ಮಂಗೋಲರು ಬಾಗ್ದಾದನ್ನು ನಾಶ ಮಾಡುವವರೆಗೆ ಅಬ್ಬಾಸಿಯರು, ಕೊನೆಯಲ್ಲಿ ಆಟೋಮನ್ನರು ಬರುತ್ತಾರೆ. ಹತ್ತನೇ ಶತಮಾನದಲ್ಲಂತೂ ಬಾಗ್ದಾದಿನಲ್ಲಿ ಒಬ್ಬ, ಉತ್ತರ ಆಫ್ರಿಕಾದಲ್ಲಿ ಫಾತಿಮಿ ವಂಶದ ಇನ್ನೊಬ್ಬ, ಸ್ಪೇನಿನ ಕಾರ್ಡೊಬಾದಲ್ಲಿ ಮತ್ತೊಬ್ಬ, ಹೀಗೆ ಏಕಕಾಲಕ್ಕೆ ಮೂವರು ಖಲೀಫರಿದ್ದರು. ಹಾಗಾಗಿ 'ಖಿಲಾಫತ್‌ನಲ್ಲಿ ಹೀಗಿತ್ತು' ಎಂದು ಯಾರಾದರೂ ಶುರು ಮಾಡಿದರೆ ಯಾವ ಖಿಲಾಫತ್, ಯಾವ ಊರು, ಯಾವ ಇಸವಿ ಎಂದು ಕೇಳಿ. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಈಗ ಅಲೆಕ್ಸಾಂಡ್ರಿಯಾಕ್ಕೆ ಬರೋಣ. ಅರಬ್ಬರ ಸೈನ್ಯ ಆ ನಗರವನ್ನು ವಶಪಡಿಸಿಕೊಂಡದ್ದು 642ರಲ್ಲಿ. ಅದೇ ಶತಮಾನದಲ್ಲಿ ಈಜಿಪ್ಟಿನ ಕ್ರೈಸ್ತ ಬಿಷಪ್ ನಿಕಿಯುವಿನ ಜಾನ್ ಆ ದಾಳಿಯ ಸಂಕಷ್ಟಗಳನ್ನು ಬರೆದಿಟ್ಟಿದ್ದಾನೆ. ಗೆದ್ದವರ ಬಗ್ಗೆ ಅವನಿಗೆ ಒಳ್ಳೆಯ ಮಾತಿಲ್ಲ. ಆದರೂ ಗ್ರಂಥಾಲಯ ಸುಟ್ಟ ಸುದ್ದಿ ಅವನಲ್ಲಿಲ್ಲ. ಅದು ಮೊದಲು ಕಾಣುವುದು ಹದಿಮೂರನೇ ಶತಮಾನದ ಬರಹಗಳಲ್ಲಿ, ಅಂದರೆ ಐನೂರೈವತ್ತಕ್ಕೂ ಹೆಚ್ಚು ವರ್ಷಗಳ ನಂತರ. ಅಷ್ಟರಲ್ಲಾಗಲೇ ಹಳೆಯ ಗ್ರಂಥಾಲಯ ಕ್ರಿಸ್ತಪೂರ್ವ 48ರ ಜೂಲಿಯಸ್ ಸೀಸರನ ಕಾಲದ ಬೆಂಕಿಯನ್ನೂ ಶತಮಾನಗಳ ಅಲಕ್ಷ್ಯವನ್ನೂ ಕಂಡಿತ್ತು. ಹದಿನೆಂಟನೇ ಶತಮಾನದಲ್ಲೇ ಎಡ್ವರ್ಡ್ ಗಿಬ್ಬನ್ ಈ ಕಥೆಯನ್ನು ನಂಬಲಾಗದು ಎಂದಿದ್ದ. ಇಂದಿನ ಹೆಚ್ಚಿನ ಇತಿಹಾಸಕಾರರೂ ಒಪ್ಪುವುದಿಲ್ಲ. ಇಲ್ಲೊಂದು ಸ್ವಾರಸ್ಯವೂ ಇದೆ. ಇದನ್ನು ಮೊದಲು ಬರೆದವರಲ್ಲಿ ಅಬ್ದುಲ್ ಲತೀಫ್ ಅಲ್-ಬಾಗ್ದಾದಿ, ಇಬ್ನ್ ಅಲ್-ಕಿಫ್ತಿ ಎಂಬ ಮುಸ್ಲಿಂ ವಿದ್ವಾಂಸರೇ ಇದ್ದಾರೆ. ಆದ್ದರಿಂದ 'ಇದು ಶತ್ರುಗಳು ಕಟ್ಟಿದ ಸುಳ್ಳು' ಎನ್ನುವುದೂ ಇನ್ನೊಂದು ಅಂತೆಯೇ.

ಜ್ಞಾನಮಂದಿರದ ಕಥೆಯನ್ನೂ ಹೀಗೇ ನೋಡಬೇಕು. ಅಬ್ಬಾಸಿಯರ ಬಾಗ್ದಾದಿನಲ್ಲಿ ಎರಡು ಶತಮಾನ ಕಾಲ ಗ್ರೀಕ್ ಗ್ರಂಥಗಳು ರಾಶಿ ರಾಶಿಯಾಗಿ ಅರಬ್ಬಿಗೆ ಬಂದದ್ದು ನಿಜ. ಭಾರತದ ಖಗೋಳ ಗ್ರಂಥಗಳೂ ಅಲ್ಲಿಗೆ ತಲುಪಿದ್ದು ನಿಜ. ಇದು ಮನುಷ್ಯ ಚರಿತ್ರೆಯ ದೊಡ್ಡ ಸಾಧನೆಗಳಲ್ಲೊಂದು. ಆದರೆ ಅದೆಲ್ಲ ಒಂದು ಕಟ್ಟಡದೊಳಗೆ, ಒಂದು ವಿಶ್ವವಿದ್ಯಾಲಯದಲ್ಲಿ ನಡೆಯಿತು ಎನ್ನಲು ಆಧಾರ ಬಹಳ ತೆಳು ಎಂದು ದಿಮಿತ್ರಿ ಗುಟಾಸ್ ಎಂಬ ವಿದ್ವಾಂಸರು 1998ರ ತಮ್ಮ ಪುಸ್ತಕದಲ್ಲಿ ತೋರಿಸಿದ್ದಾರೆ. ಆ ಕಾಲದ ಅತಿ ಹೆಸರಾಂತ ಅನುವಾದಕ ಹುನೈನ್ ಇಬ್ನ್ ಇಸ್ಹಾಕ್ ಒಬ್ಬ ಕ್ರೈಸ್ತ. ಗ್ರೀಕ್ ವೈದ್ಯ ಗ್ಯಾಲೆನ್ನನ ಯಾವ ಪುಸ್ತಕವನ್ನು ಯಾರಿಗಾಗಿ ಅನುವಾದಿಸಿದೆ ಎಂದು ಅವನೇ ಪಟ್ಟಿ ಬರೆದಿಟ್ಟಿದ್ದಾನೆ. ಅದರಲ್ಲಿ ಈ ಮಂದಿರದ ಹೆಸರಿಲ್ಲ. ಸಾಧನೆ ನಿಜ, ಕಟ್ಟಡದ ವೈಭವ ನಂತರದವರ ಕಲ್ಪನೆ ಎನ್ನಬೇಕಾಗುತ್ತದೆ.

ಹಾಗಾದರೆ ಯಾರನ್ನು ನಂಬುವುದು? ಇಲ್ಲಿ ನಮ್ಮ ಕನ್ನಡದ 'ಅಂತೆ'ಯೇ ಸಹಾಯಕ್ಕೆ ಬರುತ್ತದೆ. ನಾವು ಕಣ್ಣಾರೆ ಕಾಣದ್ದನ್ನು ಹೇಳುವಾಗ ಕೊನೆಗೆ 'ಅಂತೆ' ಸೇರಿಸುತ್ತೇವೆ. ಹತ್ತನೇ ಶತಮಾನದ ಆರಂಭದಲ್ಲಿ ಬೃಹತ್ ಚರಿತ್ರೆ ಬರೆದು ಮುಗಿಸಿದ ಅಲ್-ತಬರಿ ಮಾಡಿದ್ದೂ ಇದನ್ನೇ. ಇಂಥವರಿಂದ ಇಂಥವರು ಕೇಳಿ, ಅವರಿಂದ ಇವರು ಕೇಳಿ, ನನಗೆ ಹೇಳಿದರು ಎಂದು ಹೆಸರುಗಳ ಸರಪಳಿ ಕೊಡುತ್ತಾನೆ. ಒಂದೇ ಘಟನೆಗೆ ಎರಡು ಮೂರು ವಿವರಗಳಿದ್ದರೆ ಎಲ್ಲವನ್ನೂ ಸಾಲಾಗಿ ಇಡುತ್ತಾನೆ. ಅವನ ಗ್ರಂಥದ ಇಂಗ್ಲಿಷ್ ಅನುವಾದವೇ 40 ಸಂಪುಟ. ತಬರಿಯ ಅಂತೆಗೆ ಹೆಸರುಂಟು, ನಮ್ಮ ಮೊಬೈಲಿನ ಅಂತೆಗೆ ಹೆಸರಿಲ್ಲ.

ಹೆಸರಿದ್ದ ಮಾತ್ರಕ್ಕೆ ಮಾತು ನಿಜವಾಗಬೇಕಿಲ್ಲ. ತಬರಿ ಬರೆದದ್ದು ಅಬ್ಬಾಸಿಯರ ರಾಜಧಾನಿಯಲ್ಲಿ. ಉಮಯ್ಯದರನ್ನು ಸೋಲಿಸಿಯೇ ಆ ವಂಶ ಅಧಿಕಾರಕ್ಕೆ ಬಂದಿತ್ತು. ಸೋತವರ ಬಗ್ಗೆ ಗೆದ್ದವರ ಊರಿನಲ್ಲಿ ಎಂಥ ಕಥೆಗಳು ಉಳಿದಿರಬಹುದು ಎಂದು ಓದುಗ ಯೋಚಿಸಬೇಕು. 1377ರಲ್ಲಿ 'ಮುಕದ್ದಿಮಾ' ಬರೆದ ಇಬ್ನ್ ಖಲ್ದೂನ್ ಇನ್ನೂ ಮುಂದೆ ಹೋಗುತ್ತಾನೆ. ಮೋಸೆಸ್‌ನ ಸೈನ್ಯದಲ್ಲಿ 6 ಲಕ್ಷಕ್ಕೂ ಹೆಚ್ಚು ಜನರಿದ್ದರು ಎಂದು ಹಿಂದಿನವರು ಬರೆದದ್ದನ್ನು ಹಿಡಿದು, ಅಷ್ಟು ಜನರನ್ನು ಆ ನಾಡು ಸಾಕಬಲ್ಲದೇ, ಅವರನ್ನು ಸಾಲಾಗಿ ನಿಲ್ಲಿಸಿದರೆ ಒಂದು ತುದಿಯವನಿಗೆ ಇನ್ನೊಂದು ತುದಿ ಕಾಣುವುದೇ ಎಂದು ಲೆಕ್ಕ ಕೇಳುತ್ತಾನೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವ ನಮ್ಮ ಗಾದೆಯೂ ಅದೇ ದಾರಿಯದು.

ಪುಸ್ತಕಗಳಾಚೆಗೆ ವಸ್ತುಗಳಿವೆ. ವಿಯೆನ್ನಾದಲ್ಲಿರುವ ಒಂದು ಪಪೈರಸ್ ಹಾಳೆ 643ರದು. ಅದರಲ್ಲಿ ಯುದ್ಧದ ವರ್ಣನೆ ಇಲ್ಲ. ಈಜಿಪ್ಟಿನಲ್ಲಿ ಅರಬ್ ಸೈನ್ಯಕ್ಕೆ 65 ಕುರಿ ಸಂದಾಯವಾದ ರಸೀದಿ ಅದು, ಗ್ರೀಕ್ ಮತ್ತು ಅರಬ್ಬಿ ಎರಡೂ ಭಾಷೆಯಲ್ಲಿದೆ. ಗೆದ್ದವರು ಹಳೆಯ ಗುಮಾಸ್ತರನ್ನೂ ಹಳೆಯ ಭಾಷೆಯನ್ನೂ ಉಳಿಸಿಕೊಂಡೇ ಆಡಳಿತ ನಡೆಸಿದರು ಎಂಬುದನ್ನು ಆ ರಸೀದಿ ಯಾವ ಆಸ್ಥಾನ ಲೇಖಕನಿಗಿಂತ ಚೆನ್ನಾಗಿ ಹೇಳುತ್ತದೆ. ಆದರೆ ವಸ್ತುವೂ ಕಣ್ಣು ತಪ್ಪಿಸಬಲ್ಲದು. ಕೊನೆಯ ಬಾಗ್ದಾದ್ ಖಲೀಫ ಮುಸ್ತಾಸಿಮ್ 1258ರಲ್ಲಿ ಸತ್ತ ಮೇಲೂ ದೆಹಲಿಯ ಬಲ್ಬನ್‌ನ ನಾಣ್ಯಗಳು ಅವನ ಹೆಸರನ್ನೇ ಹೊತ್ತಿದ್ದವು. ನಾಣ್ಯವೊಂದನ್ನೇ ನೋಡಿದವರು ಖಲೀಫ ಬದುಕಿದ್ದಾನೆ ಎಂದುಕೊಳ್ಳುತ್ತಾರೆ.

'ಅರಬ್ಬರ ಚರಿತ್ರೆ ಕಟ್ಟಿಕೊಂಡು ನಮಗೇನು?' ಎನ್ನುವವರಿದ್ದಾರೆ. ಗಾಂಧೀಜಿ ಮತ್ತು ಅಲಿ ಸಹೋದರರು ಜೊತೆಗೂಡಿದ ಖಿಲಾಫತ್ ಚಳವಳಿ ಯಾವ ಸ್ಪರ್ಧಾತ್ಮಕ ಪರೀಕ್ಷೆಯ ಪಠ್ಯದಲ್ಲಿಲ್ಲ? 1786ರಲ್ಲಿ ಟಿಪ್ಪು ಸುಲ್ತಾನನ ರಾಯಭಾರಿಗಳು ಆಟೋಮನ್ ಸುಲ್ತಾನನನ್ನು ಕಾಣಲು ಹಡಗು ಹತ್ತಿದ್ದು ನಮ್ಮ ಉತ್ತರ ಕನ್ನಡದ ತದಡಿಯಲ್ಲಿ. ಇದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಸುಮಾರು 1,400 ವರ್ಷಗಳ ಹಿಂದೆ ನಡೆಯಿತೋ ಇಲ್ಲವೋ ಗೊತ್ತಿಲ್ಲದ ಬೆಂಕಿಗೆ ಪಕ್ಕದ ಬೆಂಚಿನ ಹುಡುಗನಿಂದ ಉತ್ತರ ಕೇಳುತ್ತಿದ್ದೇವೆ. ಅವನೂ ತನ್ನ ಮಾನ ಉಳಿಸಿಕೊಳ್ಳಲು ಇನ್ನೊಂದು ಉತ್ಪ್ರೇಕ್ಷೆಯನ್ನು ಹುಡುಕಿ ತರುತ್ತಾನೆ. ಇಬ್ಬರೂ ಓದುವುದಿಲ್ಲ, ಮಾತು ಮಾತ್ರ ಬಿಡುತ್ತಾರೆ. ಮೂರು ವರ್ಷದ ಗೆಳೆತನ ಒಂದು ಫಾರ್ವರ್ಡ್‌ಗೆ ಮುರಿಯುವುದು ಹೀಗೆ.

ಓದಲು ದೊಡ್ಡ ಸಿದ್ಧತೆ ಬೇಕಿಲ್ಲ. ಎನ್‌ಸಿಇಆರ್‌ಟಿಯ 11ನೇ ತರಗತಿಯ ವಿಶ್ವ ಇತಿಹಾಸ ಪುಸ್ತಕದಲ್ಲಿ ಮಧ್ಯ ಇಸ್ಲಾಮಿಕ್ ನಾಡುಗಳ ಬಗ್ಗೆ ಒಂದು ಅಧ್ಯಾಯವಿತ್ತು. 2022ರಲ್ಲಿ ಕೈಬಿಟ್ಟರು. ಹಳೆಯ ಪ್ರತಿ ಸೀನಿಯರ್‌ಗಳ ಬಳಿ ಸಿಕ್ಕರೆ ಅಲ್ಲಿಂದ ಶುರು ಮಾಡಿ. ಮುಂದೆ ಹ್ಯೂ ಕೆನಡಿ ಅವರ 'ದ ಕ್ಯಾಲಿಫೇಟ್' ಓದಬಹುದು. ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋದರೆ 'ಎನ್‌ಸೈಕ್ಲೊಪೀಡಿಯಾ ಆಫ್ ಇಸ್ಲಾಮ್' ಇದೆಯೇ ಎಂದು ವಿಚಾರಿಸಿ. ವಿಕಿಪೀಡಿಯಾ ನೋಡುವುದು ತಪ್ಪಲ್ಲ, ಆದರೆ ಅಲ್ಲಿ ಅಡಿಟಿಪ್ಪಣಿಯವರೆಗೂ ಇಳಿಯಬೇಕು. ಇಂಗ್ಲಿಷ್ ಕಷ್ಟ ಎನಿಸಿದರೆ ದಿನಕ್ಕೆ ಎರಡೇ ಪುಟ ಸಾಕು.

ಮುಂದಿನ ಸಲ ಗುಂಪಿನಲ್ಲಿ ಇಂಥ ಸಂದೇಶ ಬಂದಾಗ ಜಗಳಕ್ಕೆ ಇಳಿಯಬೇಡಿ, ಗುಂಪು ಬಿಟ್ಟೂ ಹೋಗಬೇಡಿ. ಘಟನೆ ನಡೆದದ್ದು ಯಾವಾಗ, ಅದನ್ನು ಮೊದಲು ಬರೆದವರು ಯಾರು, ಎಷ್ಟು ವರ್ಷದ ನಂತರ ಎಂದು ಸಮಾಧಾನವಾಗಿ ಕೇಳಿ. ನಿಮಗೆ ಇಷ್ಟವಾಗುವ ಸಂದೇಶಕ್ಕೂ ಇದೇ ಪ್ರಶ್ನೆ ಕೇಳುವುದನ್ನು ಮರೆಯಬೇಡಿ.